ನನ್ನ ಇವರು, ನನ್ನಮ್ಮನ ತಮ್ಮ

ಆಗಸ್ಟ್ ೧೨, ೨೦೦೭, ಭಾನುವಾರ

ಅಮ್ಮನಿಗೆ ವಾರದ ಕಾಗದ ಬರೆದು ಅಂಟಿಸಿದೆ. "ನಿನ್ನ ತಮ್ಮ ಚೆನ್ನಾಗಿದ್ದಾರೆ. ದಿಲ್ಲಿಯ ಸೆಕೆಗೆ ಸ್ವಲ್ಪ ಇಳಿದಿದ್ದಾರೆ, ಅಷ್ಟೆ" ಎಂದು ಬರೆದೆ. ಹೊಳಲ್ಕೆರೆಯಲ್ಲಿ ಎಂಬತ್ತರ ಮುದುಕಿ ಕನ್ನಡಕ ಏರಿಸಿಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾಳೆ. ಅವಳಿಗೆ ಇದಕ್ಕಿಂತ ಹೆಚ್ಚು ಬೇಡ. ಆದರೆ ಕಾಗದಕ್ಕೆ ಹಾಕಲಾಗದ್ದು ಹೊಟ್ಟೆಯಲ್ಲೇ ಉಳಿದು ಉರಿಯುತ್ತದೆ. ಇವರ ಹಳೆಯ ಆಫೀಸಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ತೆಗೆದುಕೊಂಡೆ. ನಾಲ್ಕನೇ ಕ್ಲಾಸಿನ ಕನ್ನಡ ನನ್ನದು, ಮಿಕ್ಕಿದ್ದು ವಾರಪತ್ರಿಕೆಗಳು ಕಲಿಸಿದ್ದು. ಓದುವವರು ಯಾರೂ ಇಲ್ಲವಲ್ಲ, ತಪ್ಪಿದರೆ ತಪ್ಪಲಿ.

ಇವರ ಲಿವರಿನಿಂದ ಸೂಜಿ ಹಾಕಿ ತೆಗೆದ ಚೂರಿನ ರಿಪೋರ್ಟು ಬಂತು. ಮೇ ತಿಂಗಳಲ್ಲಿ ಹರ್ನಿಯಾ ಆಪರೇಷನ್ನಿಗೆ ಹೋದಾಗ ರಕ್ತದಲ್ಲಿ ಹೆಪಟೈಟಿಸ್ ಸಿ ಅಂತ ಸಿಕ್ಕಿತ್ತು. ಹೆಂಡತಿಯದ್ದೂ ನೋಡೋಣ ಎಂದರು, ನನ್ನಲ್ಲೂ ಸಿಕ್ಕಿತು. ದೊಡ್ಡ ಡಾಕ್ಟರು ಹಳೆಯದನ್ನೆಲ್ಲ ಕೆದಕಿ ಕೆದಕಿ ಕೇಳಿದಾಗ ಎಂಬತ್ತೆರಡರ ಟೈಫಾಯಿಡ್ ನೆನಪಾಯಿತು. ಆಗ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಇಬ್ಬರೂ ಒಟ್ಟಿಗೆ ಮಲಗಿದ್ದೆವು, ಹತ್ತಿರದ ಖಾಸಗಿ ದವಾಖಾನೆಯ ಕಂಪೌಂಡರ್ ದಿನಾ ಬಂದು ಒಂದೇ ಗಾಜಿನ ಸಿರಿಂಜಿನಿಂದ ಮೊದಲು ಇವರಿಗೆ, ಆಮೇಲೆ ನನಗೆ ಚುಚ್ಚುತ್ತಿದ್ದ. ಅಲ್ಲಿಂದಲೇ ಇರಬೇಕು ಎನ್ನುತ್ತಾರೆ ಡಾಕ್ಟರು.

ಒಂದೇ ಸೂಜಿ, ಒಂದೇ ರೋಗ, ಇಪ್ಪತ್ತೈದು ವರ್ಷ ಒಂದೇ ಅಡಿಗೆ. ಇವರ ಲಿವರಿನ ತುಂಬ ಗಾಯ ಮಾಗಿದ ಕಲೆ, ಗಟ್ಟಿಯಾಗುತ್ತಾ ಬಂದಿದೆ, ಇನ್ನೊಂದು ಮೆಟ್ಟಿಲು ದಾಟಿದರೆ ಹಿಂದೆ ಬರುವುದು ಕಷ್ಟವಂತೆ. ನನ್ನದು ಮಾತ್ರ ಮೆತ್ತಗೆ, ಹೊಸ ಮದುವಣಗಿತ್ತಿಯದರ ಹಾಗಿದೆ ಎಂದರು. ನನಗೆ ಸಂತೋಷವಾಗಬೇಕಿತ್ತು. ಯಾರದ್ದೋ ಎಲೆಯಿಂದ ಕದ್ದು ತಿಂದ ಹಾಗಾಯಿತು.

ಕೆಳಗಿನ ಮನೆಯ ಗುಪ್ತಾಜಿ ಮೆಟ್ಟಿಲ ಹತ್ತಿರ ನಿಲ್ಲಿಸಿ, ಅಂಕಲ್ ಮೊದಲು ಕುಡಿಯುತ್ತಿದ್ದರಾ ಎಂದು ಕೇಳಿದ. ಸಂಜೆ ಆರರ ಮೇಲೆ ಕಾಫಿಯನ್ನೂ ಮುಟ್ಟದ ಮನುಷ್ಯ ಇವರು.

ಆಗಸ್ಟ್ ೧೮, ಶನಿವಾರ

ಮೊದಲ ಇಂಜೆಕ್ಷನ್ ಆಯಿತು. ಇನ್ನು ಆರು ತಿಂಗಳು ವಾರಕ್ಕೊಂದು, ಜೊತೆಗೆ ದಿನಾ ಮಾತ್ರೆ. ನನ್ನ ಲಿವರು ಚೆನ್ನಾಗಿರುವುದರಿಂದ ನನಗೆ ಸದ್ಯಕ್ಕೆ ಔಷಧ ಬೇಡ, ನೋಡುತ್ತಿರೋಣ ಎಂದರು.

ಇಂಜೆಕ್ಷನ್ ತಣ್ಣಗಿರಬೇಕು, ಬೆಳಿಗ್ಗೆಯಿಂದ ಕರೆಂಟಿಲ್ಲ. ಮೂಲೆಯ ಲಸ್ಸಿ ಅಂಗಡಿಯ ಭಯ್ಯಾನ ಹತ್ತಿರ ಐಸು ಬೇಡಿ ತಂದು, ಟಿಫಿನ್ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ಐಸು, ಮೇಲಿನದರಲ್ಲಿ ಔಷಧ ಇಟ್ಟು ಕಾದೆ. ಹೊಟ್ಟೆಯ ಚರ್ಮ ಹಿಡಿದು ಚುಚ್ಚುವುದನ್ನು ನರ್ಸಮ್ಮ ಕಲಿಸಿದ್ದಳು. ಸೂಜಿ ಹತ್ತಿರ ಒಯ್ದು ಎರಡು ಸಲ ಹಿಂದೆ ತೆಗೆದೆ. ಇವರು ಸೀಲಿಂಗ್ ನೋಡುತ್ತಾ, "ಸಕ್ಷಮ ಅಧಿಕಾರಿಯ ಅನುಮತಿ ಸಿಕ್ಕಿದೆ, ಮುಂದುವರಿಯಬಹುದು" ಎಂದರು. ರಿಟೈರಾಗಿ ನಾಲ್ಕು ವರ್ಷವಾದರೂ ಮಾತು ಇನ್ನೂ ಫೈಲಿನೊಳಗೇ ಇದೆ.

ರಾತ್ರಿ ಚಳಿಜ್ವರ. ಎರಡು ರಜಾಯಿ ಹೊದಿಸಿದರೂ ಮಂಚ ಅಲುಗುತ್ತಿತ್ತು.

ಆಗಸ್ಟ್ ೩೦, ಗುರುವಾರ

ಆಸ್ಪತ್ರೆಯಲ್ಲಿ ತನ್ವಿ ಎಂಬ ಚಿಕ್ಕ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡಳು. ಜೈಪುರದ ಕಡೆಯ ಹುಡುಗಿ, ನಮ್ಮ ಮಗಳು ಹಂಸಿನಿಯ ವಯಸ್ಸಿರಬಹುದು. ಒಂದೇ ವೈರಸ್ಸಿಗೆ ಒಬ್ಬರ ಲಿವರು ಬೇಗ ಕಲೆಗಟ್ಟುತ್ತದೆ, ಇನ್ನೊಬ್ಬರದು ಕಲೆಗಟ್ಟುವುದೇ ಇಲ್ಲ. ಕುಡಿತ, ವಯಸ್ಸು, ಗಂಡಸೋ ಹೆಂಗಸೋ ಎಂಬುದೆಲ್ಲ ಸ್ವಲ್ಪ ಸ್ವಲ್ಪ ಕಾರಣ. ಉಳಿದದ್ದು ಹುಟ್ಟಿನಿಂದ ಬಂದ ಜೀನುಗಳಲ್ಲಿ ಇರಬೇಕು. ಯಾವ ಜೀನು ಎಂದು ಯಾರಿಗೂ ಇನ್ನೂ ಪೂರ್ತಿ ತಿಳಿಯದು, ಅದನ್ನೇ ಹುಡುಕುತ್ತಿದ್ದೇವೆ ಎಂದಳು. ಆಪರೇಷನ್ ಆದ ಮೇಲೆ ಕೆಲವರ ಹೊಲಿಗೆ ದಾರದಂತೆ ಮಾಯುತ್ತದೆ, ಕೆಲವರದು ಹಗ್ಗದಂತೆ ಉಬ್ಬುತ್ತದೆ, ಹಾಗೆ ಎಂದಳು. ನನಗೆ ಥಟ್ಟನೆ ಅರ್ಥವಾಯಿತು. ನಮಗಿಬ್ಬರಿಗೂ ಸಿಡುಬಿನ ಮುಳ್ಳು ಹಾಕಿಸಿದ್ದು ಅಮ್ಮನೇ. ಇವರ ತೋಳಿನಲ್ಲಿ ಅದರ ಕಲೆ ರೂಪಾಯಿಯಗಲ ಇದೆ. ನನ್ನದು ಎಲ್ಲಿತ್ತು ಎಂದು ಹುಡುಕಬೇಕು.

ಆಮೇಲೆ ಅವಳು ಹೇಳಿದ್ದು: "ಆಂಟಿ, ನಿಮ್ಮಂಥ ಗಂಡ ಹೆಂಡತಿ ನಮಗೆ ಬಹಳ ಬೇಕು. ಒಂದೇ ಮನೆ, ಒಂದೇ ಊಟ, ಒಂದೇ ಸೂಜಿ. ರಕ್ತ ಮಾತ್ರ ಬೇರೆ ಬೇರೆ. ಹಾಗಾಗಿ ವ್ಯತ್ಯಾಸ ಇರುವುದೆಲ್ಲ ಜೀನಿನದ್ದೇ ಎಂದು ಹೇಳಬಹುದು."

ಇವರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ತೋಳು ಚಾಚಿ ರಕ್ತ ಕೊಟ್ಟು ಬಂದೆವು.

ರಕ್ತ ಬೇರೆ ಬೇರೆಯಲ್ಲ. ಇವರು ನನ್ನಮ್ಮನ ಒಡಹುಟ್ಟಿದ ತಮ್ಮ, ನನ್ನ ಸೋದರಮಾವ. ಅಕ್ಕನ ಮಗಳು ಮನೆಯಲ್ಲಿರುವಾಗ ಹೊರಗೆ ಹೆಣ್ಣು ಕೇಳಲು ಹೋದರೆ ಅಕ್ಕನಿಗೇ ಅವಮಾನ ಎನ್ನುವ ಊರು ನಮ್ಮದು. ಅಲ್ಲಿ ಇದನ್ನು ಹೇಳುವುದೂ ಬೇಕಿಲ್ಲ, ಮುಚ್ಚುವುದೂ ಬೇಕಿಲ್ಲ. ಇಲ್ಲಿ ಹಾಗಲ್ಲ. ಹಂಸಿನಿ ಎರಡನೇ ಕ್ಲಾಸಿನಲ್ಲಿದ್ದಾಗ ಮನೆಮಂದಿಯ ಚಿತ್ರ ಬರೆದು, ನನ್ನ ಪಾಪಾ ಮಮ್ಮಿಯ ಮಾಮಾ ಎಂದು ಕ್ಲಾಸಿನಲ್ಲಿ ಹೇಳಿದ್ದಳು. ಮಕ್ಕಳು ನಕ್ಕರು. ಟೀಚರ್ ನನ್ನನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ತಗ್ಗಿದ ದನಿಯಲ್ಲಿ ವಿಚಾರಿಸಿದಳು. ಮನೆಗೆ ಬಂದು ಮಗುವಿಗೆ, ಇದನ್ನು ಹೊರಗೆ ಹೇಳಬಾರದು ಪುಟ್ಟಾ ಎಂದೆ. ಅಂದಿನಿಂದ ಯಾರೂ ಹೇಳಿಲ್ಲ. ಅಮ್ಮ ದಿಲ್ಲಿಗೆ ಬಂದಾಗ ಇವರನ್ನು "ಏ ದಕ್ಷಿಣೀ" ಎಂದು ಹೆಸರು ಹಿಡಿದು ಗದರುವುದನ್ನು ಕೇಳಿ, ಮದ್ರಾಸಿಗಳು ಅಳಿಯನನ್ನು ಹೀಗೂ ಗದರುತ್ತಾರಾ ಎಂದು ಅಕ್ಕಪಕ್ಕದವರು ಬೆರಗಾಗುತ್ತಿದ್ದರು.

ಸೆಪ್ಟೆಂಬರ್ ೨, ಭಾನುವಾರ

ಹಂಸಿನಿ ಬಂದಿದ್ದಳು. ಗ್ರೇಟರ್ ನೋಯ್ಡಾದಿಂದ ಅಳಿಯ ಕರಣ್ ಕಾರಿನಲ್ಲಿ ಬಿಟ್ಟು ಹೋದ. ಹೊಟ್ಟೆ ಈಗಷ್ಟೇ ಕಾಣತೊಡಗಿದೆ. ಜೀನು ಗೀನು ಎಂದು ನಾನು ಹೇಳುತ್ತಿದ್ದಂತೆ ಅವಳ ಮುಖ ಸಣ್ಣಗಾಯಿತು.

"ಮಮ್ಮಿ, ಪ್ರಾಮಿಸ್ ಮಾಡು. ಮಮ್ಮೀಜಿಗೆ ಗೊತ್ತಾಗಬಾರದು. ಕರಣ್‌ಗೂ ನಾನು ಹೇಳಿಲ್ಲ. ಗೊತ್ತಾದರೆ ನನ್ನ ಹೊಟ್ಟೆ ನೋಡಿದಾಗೆಲ್ಲ ಅವರಿಗೆ ಅದೇ ನೆನಪಾಗುತ್ತೆ. ಮಗು ಹುಟ್ಟಿದ ಮೇಲೆ ಅದರ ಬೆರಳು ಎಣಿಸ್ತಾರೆ, ಯಾರ್."

ಅವಳ ಅತ್ತೆ ಪ್ರೋಮಿಲಾ ಸಚ್‌ದೇವ ಕೆಟ್ಟವರಲ್ಲ. ಮಿಲಿಟರಿ ಆಫೀಸರ ವಿಧವೆ, ದೊಡ್ಡ ದನಿ, ದೊಡ್ಡ ಕೈ. ಆದರೆ ಅವರ ಕಡೆ ಒಂದೇ ಊರಿನ ಹುಡುಗಿಯೂ ತಂಗಿಯ ಲೆಕ್ಕವಂತೆ. ಮಾಮನನ್ನು ಮದುವೆಯಾದವಳನ್ನು ಅವರು ಯಾವ ಲೆಕ್ಕಕ್ಕೆ ಸೇರಿಸಿಯಾರು? ಪ್ರಾಮಿಸ್ ಮಾಡಿದೆ. ಅವಳ ತಲೆಗೆ ಎಣ್ಣೆ ಹಚ್ಚಿ ಕಳಿಸಿದೆ.

ಸೆಪ್ಟೆಂಬರ್ ೧೩, ಗುರುವಾರ

ತಾಯಿಗೆ ಇರುವುದರಿಂದ ಬಸುರಿ ಮಗಳ ರಕ್ತವನ್ನೂ ಒಮ್ಮೆ ನೋಡಿಬಿಡೋಣ ಎಂದು ದೊಡ್ಡ ಡಾಕ್ಟರು ಹೇಳಿದ್ದರು. ರಿಪೋರ್ಟು ಬಂತು, ಹಂಸಿನಿಗೆ ಏನೂ ಇಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡೆ.

ಜೊತೆಗೆ ಬಂದಿದ್ದ ಪ್ರೋಮಿಲಾ ಅವರು ತನ್ವಿಯನ್ನು ಹಿಡಿದು ನಿಲ್ಲಿಸಿ ನೇರವಾಗಿ ಕೇಳಿದರು. ಅಪ್ಪನಿಗೂ ಇದೆ, ಅಮ್ಮನಿಗೂ ಇದೆ, ಇದು ಖಾನ್‌ದಾನಿ ಬೀಮಾರಿಯೇ, ಮನೆತನದ ಕಾಯಿಲೆಯೇ? ತನ್ವಿ ನಗುತ್ತಾ, "ಅಲ್ಲವೇ ಅಲ್ಲ ಆಂಟಿ. ಗಂಡ ಹೆಂಡತಿ, ಇವರಿಬ್ಬರಿಗೂ ರಕ್ತಸಂಬಂಧವೇ ಇಲ್ಲವಲ್ಲ. ಸೂಜಿಯಿಂದ ಬಂದದ್ದು" ಎಂದಳು.

ಪ್ರೋಮಿಲಾ ಅವರ ಮುಖ ಅರಳಿತು. ನನ್ನನ್ನು ಅಪ್ಪಿಕೊಂಡರು. ದಾರಿಯಲ್ಲಿ ಕಾರು ನಿಲ್ಲಿಸಿ ಬೂಂದಿ ಲಾಡು ಕೊಂಡು ನನ್ನ ಬಾಯಿಗೆ ತಾವೇ ಇಟ್ಟರು. ಹಂಸಿನಿ ಹಿಂದಿನ ಸೀಟಿನಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

ಸೆಪ್ಟೆಂಬರ್ ೧೫, ಶನಿವಾರ

ಗಣಪತಿ ಹಬ್ಬ. ಇಂಜೆಕ್ಷನ್ನಿನ ದಿನವೂ. ಕಡುಬು ಮಾಡಿದೆ, ಇವರು ವಾಸನೆ ನೋಡಿ ತಟ್ಟೆ ಪಕ್ಕಕ್ಕಿಟ್ಟರು. ನನಗೂ ಬೇಡವಾಯಿತು.

ಅಕ್ಟೋಬರ್ ೬, ಶನಿವಾರ

ಕೂದಲು ದಿಂಬಿಗೆ ಅಂಟುತ್ತಿದೆ. ಮೆಟ್ಟಿಲು ಹತ್ತಿದರೆ ಏದುಸಿರು. ಮಾತ್ರೆಯಿಂದ ರಕ್ತ ಕಡಿಮೆಯಾಗಿದೆಯಂತೆ. ಇವರಿಗೆ ಉಪ್ಪು ಕಡಿಮೆ ಹಾಕಬೇಕು. ನಾನೂ ಹಾಗೇ ತಿನ್ನುತ್ತಿದ್ದೇನೆ, ಉಪ್ಪಿನಕಾಯಿ ಭರಣಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದೆ. ಅದಕ್ಕೂ ಬೈದರು. "ನಿನ್ನ ಲಿವರಿಗೇನಾಗಿದೆ? ನೀನು ಸಪ್ಪೆ ತಿಂದರೆ ನನ್ನದು ಮೆತ್ತಗಾಗುತ್ತಾ?" ಕೋಪ ಇವರದ್ದಲ್ಲ, ಇಂಜೆಕ್ಷನ್ನಿನದು ಎಂದು ನರ್ಸಮ್ಮ ಮೊದಲೇ ಹೇಳಿದ್ದಾಳೆ. ಆದರೂ ಅಡಿಗೆಮನೆಗೆ ಹೋಗಿ ಅತ್ತೆ.

ಅಕ್ಟೋಬರ್ ೨೧, ಭಾನುವಾರ, ವಿಜಯದಶಮಿ

ಹೊರಗೆಲ್ಲ ರಾವಣನಿಗೆ ಬೆಂಕಿ ಇಡುವ ಪಟಾಕಿ. ಇವರು ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತಿದ್ದರು. ಮೆಟ್ರೋದವರು ರಸ್ತೆ ಅಗೆದ ಧೂಳು ಎಲೆಯ ಮೇಲೆಲ್ಲ ಕೂತ ತುಳಸಿಗೆ ನಾನು ನೀರು ಹಾಕುತ್ತಿದ್ದೆ.

"ಆ ಹುಡುಗಿಗೆ ಹೇಳಿದೆಯಾ?" ಎಂದರು.

ಯಾವ ಹುಡುಗಿ ಎಂದು ಕೇಳಿದೆ. ಗೊತ್ತಿದ್ದೇ ಕೇಳಿದೆ.

ಇವರು ಬಿಡಲಿಲ್ಲ. ತಮ್ಮ ಜೀವಮಾನವೆಲ್ಲ ಬೇರೆಯವರ ತಪ್ಪು ನೋಟಿಂಗ್ ತಿದ್ದುವುದರಲ್ಲಿ ಹೋಯಿತು, ಈಗ ತಮ್ಮ ರಕ್ತದ ಮೇಲೇ ತಪ್ಪು ನೋಟಿಂಗ್ ಬಿದ್ದಿದೆ, ಅದನ್ನು ನಂಬಿಕೊಂಡು ಆ ಮಗು ರಾತ್ರಿ ಹಗಲು ಕೆಲಸ ಮಾಡುತ್ತಿದೆ ಎಂದರು. ನಾನು ಹಂಸಿನಿಗೆ ಕೊಟ್ಟ ಮಾತು ನೆನಪಿಸಿದೆ. ಅವಳ ಹೊಟ್ಟೆಯಲ್ಲಿರುವುದನ್ನು ನೆನಪಿಸಿದೆ. ಅಷ್ಟಕ್ಕೇ ನಿಲ್ಲದೆ, ನನ್ನೊಳಗೆ ಇದ್ದದ್ದೂ ಬಂದುಬಿಟ್ಟಿತು. ಜೀನು ಎಂದ ದಿನದಿಂದ ನನಗೆ ನಿದ್ದೆಯಿಲ್ಲ. ಅಮ್ಮ ನಮ್ಮಿಬ್ಬರಿಗೆ ಗಂಟು ಹಾಕಿದ್ದಕ್ಕೇ ಹೀಗಾಯಿತೇ? ಒಂದೇ ಮನೆಯ ರಕ್ತ ಮತ್ತೆ ಮತ್ತೆ ಕಲೆಸಿ, ಒಳ್ಳೆಯದೆಲ್ಲ ನನಗೆ ಬಂದು, ಕೆಟ್ಟದ್ದೆಲ್ಲ ನಿಮಗೆ ಹೋಯಿತೇ?

ಇವರು ನಕ್ಕರು. ಎಷ್ಟೋ ವಾರದ ಮೇಲೆ ನಕ್ಕದ್ದು. "ನಾನು ನಿನಗಿಂತ ಎಂಟು ವರ್ಷ ಮೊದಲೇ ನನ್ನ ಲಿವರು ತಗೊಂಡು ಹುಟ್ಟಿದವನು ಕಣೇ. ನಿನ್ನ ಮದುವೆಯಾದ ಮೇಲೆ ಅದನ್ನು ಬದಲಾಯಿಸಿಕೊಂಡು ಬಂದೆನಾ?"

ಆಮೇಲೆ ಶಾಲು ಸರಿಮಾಡಿಕೊಂಡು ಹೇಳಿದರು, "ನನಗೆ ನಾಚಿಕೆ ಇಲ್ಲ ವಿಜೀ. ನಿನಗಿದೆಯಾ?"

ಒಳಗೆ ಹೋಗಿ ಅನ್ನಕ್ಕಿಟ್ಟೆ.

ಅಕ್ಟೋಬರ್ ೨೫, ಗುರುವಾರ

ಹೇಳಿಬಿಟ್ಟೆ. ಇವರನ್ನು ರಕ್ತ ತೆಗೆಸಲು ಕಳಿಸಿ, ತನ್ವಿಯ ಚಿಕ್ಕ ಕೋಣೆಗೆ ಒಬ್ಬಳೇ ಹೋದೆ. ಇದು ಇಲ್ಲೇ ಉಳಿಯಬೇಕು ಎಂದು ಮೊದಲು ಕೇಳಿಕೊಂಡೆ. ರೋಗಿ ಹೇಳಿದ್ದು ಎಲ್ಲಿಗೂ ಹೋಗುವುದಿಲ್ಲ ಎಂದಳು.

"ಅವರು ನನ್ನ ಮಾಮಾ. ಅಮ್ಮನ ತಮ್ಮ."

ಅವಳ ಪೆನ್ನು ನಿಂತಿತು. "ಸಗಾ?" ಎಂದಳು. ಸ್ವಂತ ಹೌದೋ, ದೂರದ್ದೋ ಎಂದು.

"ಸಗಾ."

ಅವಳು ಮೂಗು ಮುರಿಯಲಿಲ್ಲ, ಕಣ್ಣು ದೊಡ್ಡದು ಮಾಡಲಿಲ್ಲ. ಆದರೆ ಕುರ್ಚಿಗೆ ಹಿಂದಕ್ಕೆ ಒರಗಿ ಉಸಿರು ಬಿಟ್ಟಳು. ಹೋದ ವಾರವಷ್ಟೇ ತನ್ನ ಮೇಷ್ಟ್ರುಗಳಿಗೆ ನಮ್ಮ ಜೋಡಿಯನ್ನು ತೋರಿಸಿ, ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ ಎಂದಿದ್ದಳಂತೆ. ಇನ್ನು ನಮ್ಮನ್ನು ಆ ಗುಂಪಿನಿಂದ ತೆಗೆಯಲೇಬೇಕು. ತಪ್ಪು ತನ್ನದೇ ಎಂದಳು. ಗಂಡ ಹೆಂಡತಿ ಎಂದ ಮೇಲೆ ಸಂಬಂಧಿಕರೇ ಎಂದು ಕೇಳಬೇಕೆಂದು ತನಗೆ ಹೊಳೆಯಲೇ ಇಲ್ಲ, ದಕ್ಷಿಣದವರನ್ನೆಲ್ಲ ಮತ್ತೆ ಕರೆದು ಕೇಳಬೇಕು ಎಂದಳು. ಇಷ್ಟು ಧೈರ್ಯ ಮಾಡಿ ಹೇಳಿದ್ದಕ್ಕೆ ಬಂದ ಫಲ ನೋಡು, ಹೆಸರು ಹೊಡೆದು ಹಾಕಿಸಿಕೊಂಡೆ. ನಗು ಬಂತು.

ಎದ್ದವಳು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ. ನಮ್ಮ ಮದುವೆಯಿಂದ ಇವರಿಗೆ ಹೀಗಾಯಿತೇ? ನನ್ನನ್ನು ಮತ್ತೆ ಕೂರಿಸಿದಳು. ವೈರಸ್ ಬಂದದ್ದು ಸೂಜಿಯಿಂದ. ಗಾಯ ಹೇಗೆ ಮಾಯಬೇಕು ಎಂಬುದು ಅವರವರು ಹುಟ್ಟುವಾಗ ತಂದದ್ದು, ಯಾರನ್ನು ಮದುವೆಯಾದರೂ ಅದು ಬದಲಾಗದು. ಹತ್ತಿರದ ಸಂಬಂಧದಲ್ಲಿ ಕೆಲವು ಕಾಯಿಲೆ ಮಕ್ಕಳಿಗೆ ಬರುವ ಸಂಭವ ಹೆಚ್ಚು, ಅದು ಸುಳ್ಳಲ್ಲ. ಆದರೆ ಇದು ಅದಲ್ಲ, ನಿಮ್ಮ ಮಗಳು ಗಟ್ಟಿಯಾಗಿದ್ದಾಳೆ, ಅವಳ ಗಂಡ ಪಂಜಾಬಿನವನು, ಅವರ ಮಗುವಿಗೆ ಇದರ ಭಯ ಬೇಡ ಎಂದಳು.

ಹೊರಗೆ ಬಂದರೆ ಇವರು ತೋಳಿಗೆ ಹತ್ತಿ ಒತ್ತಿಕೊಂಡು ನನ್ನನ್ನೇ ಕಾಯುತ್ತಿದ್ದರು. ಆಟೋದಲ್ಲಿ ಯಮುನೆಯ ಸೇತುವೆ ದಾಟುವವರೆಗೂ ನನ್ನ ಕೈ ಹಿಡಿದಿದ್ದರು.

ನವೆಂಬರ್ ೧೧, ಭಾನುವಾರ

ಅಕ್ಷರ ಸೊಟ್ಟವಾದರೆ ಆಗಲಿ, ಇವತ್ತೇ ಬರೆದಿಡಬೇಕು.

ದೀಪಾವಳಿಯ ಸಿಹಿ ತೆಗೆದುಕೊಂಡು ಪ್ರೋಮಿಲಾ ಅವರು ಒಬ್ಬರೇ ಬಂದಿದ್ದರು. ನಿನ್ನೆಯ ಇಂಜೆಕ್ಷನ್ನಿನ ಜ್ವರದಲ್ಲಿ ಮಲಗಿದ್ದ ಮಾಮನ ಹಣೆಗೆ ತಾವೇ ಒದ್ದೆ ಬಟ್ಟೆ ಇಟ್ಟರು. ನಾನು ಚಹಾ ತಂದೆ. ಆಗ ಹೊಳಲ್ಕೆರೆಯಿಂದ ಫೋನು. ಅಮ್ಮನದು ಎಂದು ನಾನೇ ಪ್ರೋಮಿಲಾ ಅವರಿಗೆ ಹೇಳಿದೆ. ಯಾರು ಹೇಳಿದರೋ, ತಮ್ಮನಿಗೆ ಮೈ ಸರಿಯಿಲ್ಲ ಎಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಅವನ ಕೈಗೆ ಕೊಡು ಎಂದು ಹಟ ಹಿಡಿದಳು. ಕೊಟ್ಟೆ.

ಜ್ವರದ ಮನುಷ್ಯ ಫೋನು ಕಿವಿಗಿಟ್ಟುಕೊಂಡು, "ಅಕ್ಕಾ... ಅಕ್ಕಾ... ಏನಿಲ್ಲ ಅಕ್ಕಾ" ಎನ್ನುತ್ತಾ ಹುಡುಗನ ಹಾಗೆ ಬಿಕ್ಕಿಬಿಟ್ಟರು.

ಪ್ರೋಮಿಲಾ ಅವರು ಬಟ್ಟೆ ಹಿಂಡುವುದನ್ನು ನಿಲ್ಲಿಸಿದರು. ಗಂಡನಿಗೆ ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಪೋಸ್ಟಿಂಗ್ ಇದ್ದಾಗ ಎರಡು ವರ್ಷ ಅಲ್ಲಿದ್ದವರು ಅವರು. ಅಡಿಗೆಮನೆಗೆ ನನ್ನ ಹಿಂದೆಯೇ ಬಂದರು.

"ಬೆಹೆನ್‌ಜಿ, ಅಕ್ಕಾ ಅಂದರೆ ದೀದಿ ಅಲ್ಲವೇ? ಫೋನು ನಿಮ್ಮ ಅಮ್ಮನದು ಅಂದಿರಿ."

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ನಮ್ಮ ಕಡೆ ಹಿರಿಯ ಹೆಂಗಸರನ್ನೆಲ್ಲ ಅಕ್ಕ ಎನ್ನುತ್ತೇವೆ ಎಂದಿದ್ದರೆ ಮುಗಿಯುತ್ತಿತ್ತು, ನಂಬುತ್ತಿದ್ದರು. ಹಂಸಿನಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು. ಆದರೆ ಒಳಗೆ ಮಾಮ ಅಕ್ಕಾ ಎಂದು ಅಳುತ್ತಿದ್ದಾರೆ. ಒಡಹುಟ್ಟಿದವಳಿಗಾಗಿ ಅಳುತ್ತಿರುವವರನ್ನು, ಅವಳು ಯಾರೂ ಅಲ್ಲ ಎಂದು ನಾನು ಹೇಗೆ ಹೇಳಲಿ?

"ನನ್ನ ಅಮ್ಮ ಇವರ ಸ್ವಂತ ಅಕ್ಕ. ನಾನು ಇವರ ಭಾಂಜಿ. ನಮ್ಮಲ್ಲಿ ಹೀಗೆ ಮದುವೆ ಆಗುತ್ತೆ" ಎಂದೆ. ಹಂಸಿನಿಯದು ತಪ್ಪಿಲ್ಲ, ಚಿಕ್ಕವಳಿದ್ದಾಗ ಅವಳ ಬಾಯಿ ಮುಚ್ಚಿಸಿದವಳು ನಾನು ಎಂದೂ ಹೇಳಿದೆ. ಡಾಕ್ಟರಮ್ಮ ಏನು ಹೇಳಿದಳು ಎನ್ನುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ಡಾಕ್ಟರ್ ರಕ್ತಸಂಬಂಧ ಇಲ್ಲ ಅಂದಾಗ ನೀವು ನನ್ನ ಪಕ್ಕದಲ್ಲೇ ನಿಂತಿದ್ದಿರಿ."

"ನಿಂತಿದ್ದೆ."

"ನನ್ನ ಕೈಯ ಲಾಡು ತಿಂದಿರಿ."

ಚಹಾ ಕುಡಿಯದೆ ಹೋದರು. ಹೋಗುವಾಗ ಮಾಮನ ಹಣೆಯ ಬಟ್ಟೆ ಮಾತ್ರ ಬದಲಿಸಿ ಹೋದರು.

ನವೆಂಬರ್ ೧೨

ಹಂಸಿನಿ ಫೋನು ಮಾಡಿದಳು. "ನೀನು ಪ್ರಾಮಿಸ್ ಮಾಡಿದ್ದೆ" ಎಂದಳು. ಇಟ್ಟುಬಿಟ್ಟಳು.

ನವೆಂಬರ್ ೧೭

ಇಂಜೆಕ್ಷನ್. ಹಂಸಿನಿ ಫೋನು ಎತ್ತುತ್ತಿಲ್ಲ.

ನವೆಂಬರ್ ೨೪, ಶನಿವಾರ

ಮೂರು ತಿಂಗಳ ರಕ್ತದ ರಿಪೋರ್ಟು: ವೈರಸ್ ಕಾಣುತ್ತಿಲ್ಲ. ಪೂರ್ತಿ ಹೋಯಿತು ಎನ್ನಲು ಇನ್ನೂ ಕಾಯಬೇಕು, ಕಲೆಯಂತೂ ಇದ್ದ ಹಾಗೇ ಇರುತ್ತದೆ, ಆದರೆ ಇನ್ನು ಮುಂದಕ್ಕೆ ಹರಡದೆ ಇರಬಹುದು ಎಂದರು ದೊಡ್ಡ ಡಾಕ್ಟರು. ಮಾಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು" ಎಂದು ಆರ್ಡರ್ ಓದಿದ ಹಾಗೆ ಹೇಳಿದರು.

ಮಗಳಿಗೆ ಹೇಳಬೇಕು ಎನ್ನಿಸಿತು. ಫೋನು ರಿಂಗಾಗಿ ರಿಂಗಾಗಿ ನಿಂತಿತು. ಅಳಿಯನಿಗೆ ಮಾಡಿದೆ. ಕರಣ್ ಗೌರವದಿಂದಲೇ ಮಾತಾಡಿದ, ತುಂಬಾ ಸಂತೋಷ ಆಂಟಿ ಎಂದ. ಇಷ್ಟು ದಿನ ಮಮ್ಮಿ ಎನ್ನುತ್ತಿದ್ದ.

ಮನೆಗೆ ಬಂದು ಅಟ್ಟದಿಂದ ಉಪ್ಪಿನಕಾಯಿ ಇಳಿಸಿದೆ. ನಾನು ತಿನ್ನುವುದನ್ನು ಮಾಮ ಎದುರಿಗೆ ಕೂತು ನೋಡಿದರು. ಖಾರ ಹೇಗಿದೆ, ಹುಳಿ ಹೇಗಿದೆ ಎಂದು ನನ್ನಿಂದ ಹೇಳಿಸಿ ಹೇಳಿಸಿ ಕೇಳಿದರು.

ಡಿಸೆಂಬರ್ ೨, ಭಾನುವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಪ್ರೋಮಿಲಾ ಅವರು. ಜೊತೆಗೆ ಸ್ಟೀಲಿನ ಡಬ್ಬಿಯಲ್ಲಿ ಉಪ್ಪು ಕಡಿಮೆ ಹಾಕಿದ ಖಿಚಡಿ. ನಮಸ್ಕಾರ ಹೇಳುವ ಮೊದಲೇ, ನಾನು ತನ್ವಿ ಡಾಕ್ಟರ ಹತ್ತಿರ ಹೋಗಿದ್ದೆ ಎಂದರು. ಅವಳು ನಮ್ಮ ಬಗ್ಗೆ ಒಂದಕ್ಷರವೂ ಹೇಳಲಿಲ್ಲವಂತೆ. ಆಮೇಲೆ ಪ್ರೋಮಿಲಾ ಅವರೇ, ಒಂದು ಕಡೆ ಮಾಮ ಅಕ್ಕನ ಮಗಳನ್ನು ಮದುವೆಯಾದರೆ, ಅವರ ಮಗಳು ಪಂಜಾಬಿಯನ್ನು ಮದುವೆಯಾದರೆ, ಆ ಮಗು ಹೇಗಿರುತ್ತದೆ ಎಂದು ಬೇರೆ ಯಾರದೋ ಕಥೆಯ ಹಾಗೆ ಕೇಳಿದರಂತೆ. ಬೇರೆ ಎಲ್ಲ ಮಕ್ಕಳ ಹಾಗೇ ಇರುತ್ತದೆ ಎಂದಳಂತೆ ತನ್ವಿ.

ಕ್ಷಮಿಸಿ ಎನ್ನಲು ಬಾಯಿ ತೆಗೆದೆ. ನಿಲ್ಲಿ, ನನ್ನ ಕೋಪ ಇನ್ನೂ ಇಳಿದಿಲ್ಲ ಎಂದರು. ಮಾಮನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಬೆರಳು ಮಡಚುತ್ತಾ ಎಣಿಸತೊಡಗಿದರು. ಹುಟ್ಟುವ ಮಗುವಿಗೆ ಇವರು ನಾನಾ. ಸರಿ. ಆದರೆ ಅಮ್ಮನ ಅಜ್ಜಿಯ ತಮ್ಮನೂ ಹೌದು. ಆ ಲೆಕ್ಕಕ್ಕೆ ಮುತ್ತಜ್ಜ. ಹಾಗಾದರೆ ಈ ಮನುಷ್ಯ ತನಗೆ 'ಸಮಧಿ' ಎಂದರೆ ಬೀಗರೋ, ಬೀಗಿತ್ತಿಯ ಮಾಮನೋ?

"ಚಲೋ ಭಾಯಿಸಾಬ್," ಎಂದರು ಕೊನೆಗೆ, "ಮದುವೆಯಲ್ಲಿ ಹುಡುಗಿಯ ಅಪ್ಪ, ಅಮ್ಮನ ಕಡೆಯ ಮಾಮಾ ಎಲ್ಲರಿಗೂ ಒಂದೊಂದು ಶಾಲು ಕೊಡುತ್ತೇವೆ. ನೀವು ಎರಡೂ ಎಂದು ಆಗಲೇ ಹೇಳಿದ್ದರೆ ನಿಮಗೆ ಇನ್ನೊಂದು ಶಾಲು ಸಿಗುತ್ತಿತ್ತು."

ಮಾಮ ನಕ್ಕು ಕೆಮ್ಮಿದರು. ಪ್ರೋಮಿಲಾ ಅವರು ನಗಲಿಲ್ಲ. ನನ್ನ ಕಡೆ ತಿರುಗಿ, "ನನಗೆ ಇದು ಇಷ್ಟವಾಗಿದೆ ಎಂದುಕೊಳ್ಳಬೇಡಿ. ನಮ್ಮ ಬಿರಾದರಿಯ ಜನರಲ್ಲಿ ನಾನು ಇದನ್ನು ಹೇಳುವವಳಲ್ಲ. ಆದರೆ ನನ್ನ ಸೊಸೆ ನನ್ನನ್ನು ನೋಡಿ ಹೆದರಿದಳಲ್ಲ, ಅದು ನನಗೆ ಹೆಚ್ಚು ಚುಚ್ಚಿತು" ಎಂದರು. ಚಹಾ ಪೂರ್ತಿ ಕುಡಿದರು.

ಡಿಸೆಂಬರ್ ೯, ಭಾನುವಾರ

ಹಂಸಿನಿ ಬಂದಳು. ಮೆಟ್ಟಿಲು ಹತ್ತಿ ಬಂದವಳು ಮೊದಲು ಅಪ್ಪನ ಹತ್ತಿರ ಹೋಗಿ ತಲೆ ಸವರಿಸಿಕೊಂಡಳು. ನಾನು ಅವರೆಕಾಳು ಸುಲಿಯುತ್ತಿದ್ದೆ, ಬಂದು ಎದುರಿಗೆ ಕೂತು ತಾನೂ ಸುಲಿಯತೊಡಗಿದಳು.

ಮಮ್ಮೀಜಿ ಏನಂತಾರೆ ಎಂದು ಕೇಳಿದೆ. ದಿನಾ ಒಂದು ಟಾಂಟ್ ಇದ್ದೇ ಇರುತ್ತೆ ಎಂದಳು. ಏನಾದರೂ ಮುಚ್ಚಿಟ್ಟಿದ್ದೀಯಾ ಎಂದು ಫ್ರಿಜ್ ತೆಗೆದಾಗಲೂ ಕೇಳುತ್ತಾರಂತೆ. ಕರಣ್ ಎರಡು ದಿನ ಮಾತು ಬಿಟ್ಟಿದ್ದ, ಮೂರನೆಯ ದಿನ, ನಿನ್ನ ಪಾಪಾ ಮಮ್ಮಿಯನ್ನು ಎತ್ತಿ ಆಡಿಸಿದ್ದರಾ ಎಂದು ಕೇಳಿದನಂತೆ. ನಾನು ನಾಚಿಕೊಂಡೆ. ಎತ್ತಿ ಆಡಿಸಿದ್ದಾರೆ, ಬೀಳಿಸಿದ್ದೂ ಉಂಟು.

ಆಮೇಲೆ ಕಾಳಿನ ಬುಟ್ಟಿಯನ್ನೇ ನೋಡುತ್ತಾ ಹೇಳಿದಳು. "ಹೇಳಿದೆ ಅಂತ ಕೋಪ ಅಲ್ಲ ಮಮ್ಮಿ. ಏಳು ವರ್ಷಕ್ಕೆ ನೀನು ಹೇಳಬೇಡ ಅಂದೆ, ನಾನು ಯಾರಿಗೂ ಹೇಳಲಿಲ್ಲ. ಬೆಸ್ಟ್ ಫ್ರೆಂಡ್‌ಗೂ ಇಲ್ಲ, ಗಂಡನಿಗೂ ಇಲ್ಲ. ಹೇಳೋದು ನೀನೊಬ್ಬಳೇ ಡಿಸೈಡ್ ಮಾಡಿದೆ, ಹೇಳದೆ ಇರೋದೂ ನೀನೇ ಡಿಸೈಡ್ ಮಾಡಿದ್ದೆ. ಏಕ್ ಬಾರ್ ತೋ ಪೂಛ್ ಲೇತೀ."

ಒಮ್ಮೆ ನನ್ನನ್ನು ಕೇಳಬಹುದಿತ್ತಲ್ಲ ಎಂದು. ನಿಜ. ಕೇಳಬಹುದಿತ್ತು. ಅವಳ ಕೈಯಿಂದ ಕಾಳು ತೆಗೆದುಕೊಂಡು, ಈಗ ಕೇಳುತ್ತೇನೆ, ನಿನ್ನ ಮಗುವಿಗೆ ಏನು ಹೇಳೋಣ ಎಂದೆ.

ಯೋಚಿಸಿದಳು. "ಚಿತ್ರ ಬರೀಲಿ," ಎಂದಳು. "ಅದೇ ಕೇಳಿದಾಗ ಹೇಳಿದರಾಯಿತು."

ಹೋಗುವಾಗ ಹಿತಕಿದ ಅವರೆಬೇಳೆ ಸಾರನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಹೋದಳು. ಅತ್ತೆಗೂ ಸ್ವಲ್ಪ ಬೇಕಂತೆ.

ಜನವರಿ ೧೦, ೨೦೦೮, ಗುರುವಾರ

ಸುಸ್ತಾಗಿ ಬಂದಿದ್ದೇನೆ, ಸ್ವಲ್ಪ ಬರೆದು ಮಲಗುತ್ತೇನೆ. ಬೆಳಿಗ್ಗೆಯ ಮಂಜಿನಲ್ಲಿ ಎದುರಿನ ಮನೆಯೂ ಕಾಣುತ್ತಿರಲಿಲ್ಲ. ಮಾಮನಿಗೆ ಎದ್ದರೆ ತಲೆಸುತ್ತು, ರಕ್ತ ಬಹಳ ಇಳಿದಿತ್ತು. ಕರಣ್ ಕಾರು ತಂದು ಆಸ್ಪತ್ರೆಗೆ ಕರೆದೊಯ್ದ, ನಿಧಾನ ಮಮ್ಮಿ ಎಂದು ನನ್ನ ಕೈ ಹಿಡಿದು ಇಳಿಸಿದ. ಎರಡು ದಿನ ಇಟ್ಟುಕೊಂಡು ರಕ್ತ ಕೊಡುತ್ತೇವೆ, ಮಾತ್ರೆ ಸ್ವಲ್ಪ ಕಡಿಮೆ ಮಾಡುತ್ತೇವೆ, ಗಾಬರಿ ಬೇಡ ಎಂದರು. ಈಗಿನ ರಕ್ತವನ್ನೆಲ್ಲ ಪರೀಕ್ಷೆ ಮಾಡಿಯೇ ಕೊಡುವುದು ಎಂದು ನಾನು ಕೇಳದೆಯೇ ನರ್ಸಮ್ಮ ಹೇಳಿದಳು. ಸಂಜೆಗೆ ಮುಖಕ್ಕೆ ಬಣ್ಣ ಬಂತು, ಕಾಫಿ ಕೇಳಿದರು.

ದಾಖಲು ಮಾಡಿಸುವ ಕೌಂಟರಿನಲ್ಲಿ ಉದ್ದದ ಕ್ಯೂ. ಕರಣ್ ಕಾರು ನಿಲ್ಲಿಸಲು ಹೋಗಿದ್ದ, ಮಾಮ ಗಾಲಿಕುರ್ಚಿಯಲ್ಲಿ ನನ್ನ ಪಕ್ಕದಲ್ಲಿದ್ದರು. ಗಾಜಿನ ಹಿಂದಿನವನು ತಲೆಯೆತ್ತದೆ, ಪೇಷಂಟ್ ನಿಮಗೆ ಏನಾಗಬೇಕು ಎಂದು ಕೇಳಿದ.

"ಮಾಮಾ" ಎಂದೆ.

ಬರೆದುಕೊಂಡ. ಸಹಿ ಹೆಂಡತಿಯದೋ ಮಕ್ಕಳದೋ ಆಗಬೇಕು, ಭಾಂಜಿಯದು ನಡೆಯುವುದಿಲ್ಲ, ಹೆಂಡತಿಯನ್ನು ಕರೆಯಿರಿ ಎಂದ.

"ಭಯ್ಯಾ, ಅದೂ ನಾನೇ."

ಆಗ ತಲೆಯೆತ್ತಿದ. ಹಿಂದೆ ಕ್ಯೂನಲ್ಲಿದ್ದವರೂ ಇಣುಕಿ ನೋಡಿದರು. ಮಾಮ ಕುರ್ಚಿಯಿಂದಲೇ, ಇವಳು ಹೇಳುತ್ತಿರುವುದು ಸರಿ, ಎರಡೂ ಹುದ್ದೆಯ ಚಾರ್ಜ್ ಒಬ್ಬಳ ಹತ್ತಿರವೇ ಇದೆ ಎಂದು ಹಿಂದಿಯಲ್ಲಿ ಹೇಳಿದರು. ನನ್ನ ಹಿಂದಿದ್ದ ಸರ್ದಾರಣಿಯೊಬ್ಬಳು ಬಾಯಿಗೆ ದುಪಟ್ಟಾ ಹಿಡಿದು ನಕ್ಕಳು. ನಾನು ಸಹಿ ಹಾಕಿದೆ. ಕನ್ನಡದಲ್ಲೇ ಹಾಕಿದೆ, ಇಂಗ್ಲಿಷಿನದು ಬರೆಯಲು ಹೊತ್ತು ಹಿಡಿಯುತ್ತದೆ, ಹಿಂದೆ ಅಷ್ಟು ಜನ ಕಾಯುತ್ತಿದ್ದರು.

ನಾಳೆ ಮಾಮನಿಗೆ ಗಂಜಿ ಒಯ್ಯಬೇಕು. ಶಾಲು ಸಹ.